ಎರಡನೇ ಲ್ಯಾಂಡಿಂಗಿನ ಕಟ್ಟೆ

ನಮ್ಮ ಆಫೀಸಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಉಳಿದಿರಲಿಲ್ಲ. ಕಟ್ಟಡದ ಕಂಬ, ತೊಲೆಗಳ ಲೆಕ್ಕ ಹಾಕುವವಳು ಕಂಬದಕ್ಕ. ಏಸಿಯ ಗಾಳಿ ಹಾಯುವ ದೊಡ್ಡ ತಗಡಿನ ಡಕ್ಟುಗಳನ್ನು ಬರೆಯುವವನು ಗಾಳಿರಾಯ. ನನ್ನನ್ನು ಬೆನ್ನ ಹಿಂದೆ ಹವಾಲ್ದಾರಮ್ಮ ಎನ್ನುತ್ತಿದ್ದರಂತೆ, ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಕಿಟಕಿಯ ಪಕ್ಕದ ಮೂಲೆ ಮೇಜಿನಲ್ಲಿ ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಲವತ್ತು ವರ್ಷ ಮೆಟ್ಟಿಲು ಬರೆದವರು, ಅಷ್ಟೇ.

ಅಷ್ಟೇ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಯಾವ ಕಟ್ಟಡಕ್ಕೆ ಹೋದರೂ ಲಿಫ್ಟಿನ ಕಡೆ ತಿರುಗಿಯೂ ನೋಡದೆ, ಬಾಯಲ್ಲಿ ಎಣಿಸುತ್ತ ಮೆಟ್ಟಿಲು ಹತ್ತುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿಸಿದರೆ ಕೆಳಗಿಳಿದು ಮತ್ತೆ ಮೊದಲಿನಿಂದ. ಹಾಗೆ ಎರಡು ಸಲ ಅವರ ಜೊತೆ ಹತ್ತಿಳಿದು ನನ್ನ ಮಂಡಿ ಹಿಡಿದುಕೊಂಡಿದೆ. ಕೆಲಸಕ್ಕೆ ಸೇರಿದ ಮೊದಲ ವಾರ ಅವರು ನನಗೆ ಹೇಳಿದ ಮಾತು ಇದು:

"ಕಾಲಿಗೆ ಕಣ್ಣಿಲ್ಲ ಮಗಳೇ. ಮೊದಲನೇ ಮೆಟ್ಟಿಲು ಹತ್ತಿದ ಮೇಲೆ ಅದು ಉಳಿದಿದ್ದನ್ನೆಲ್ಲ ನಂಬಿಬಿಡುತ್ತೆ. ಒಂದೇ ಒಂದು ಮೆಟ್ಟಿಲು ಅರ್ಧ ಬೆರಳು ಎತ್ತರ ಆದ್ರೂ ಸಾಕು, ನಂಬಿದೋರು ಬೀಳ್ತಾರೆ."

ಆಗ ನನಗೆ ಇಪ್ಪತ್ತಮೂರು. ಮುದುಕರಿಗೆ ಮಾತು ಜಾಸ್ತಿ ಎಂದುಕೊಂಡು ನೋಟ್‌ಬುಕ್ಕಿನಲ್ಲಿ ಹೂ ಬಿಡಿಸುತ್ತ ಕೂತಿದ್ದೆ. ಅವರೇ ನನಗೆ ಕೆಲಸ ಕಲಿಸಿದ್ದು. ನಾನು ಬರೆದ ಮೊದಲ ಮೆಟ್ಟಿಲನ್ನು ಹನ್ನೊಂದು ಸಲ ಅಳಿಸಿ ಬರೆಸಿದರು. ಹನ್ನೆರಡನೆಯ ಸಲ ನಾನು ಅತ್ತುಬಿಟ್ಟಾಗ ತಮ್ಮ ಟೀ ನನಗೆ ಕೊಟ್ಟು, "ಅಳು, ಆದ್ರೆ ಅಳತೆ ತಪ್ಪಬೇಡ" ಅಂದರು.

ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳದಿದ್ದರೆ ನಾನು ಮಾಡಿದ ಕೆಲಸ ನಿಮಗೆ ಅರ್ಥವಾಗುವುದಿಲ್ಲ. ಈಗ ಕಾಗದದ ಮೇಲೆ ಯಾರೂ ಬರೆಯುವುದಿಲ್ಲ. ಇಡೀ ಕಟ್ಟಡ ಕಂಪ್ಯೂಟರಿನೊಳಗೆ ಒಂದೇ ಒಂದು ಮಾಡೆಲ್ಲಾಗಿ ನಿಂತಿರುತ್ತದೆ. ಗೋಡೆ, ಕಂಬ, ಡಕ್ಟು, ನಲ್ಲಿ, ಮೆಟ್ಟಿಲು ಎಲ್ಲ ಅದರಲ್ಲೇ. ಅದಕ್ಕೆ ನಮ್ಮಲ್ಲಿ ತಾಯಿ ಫೈಲು ಎಂದು ಹೆಸರು. ಎಂಟು ಜನ ಎಂಟು ಮೇಜಿನಲ್ಲಿ ಕೂತು ಅದರ ಮರಿಗಳ ಮೇಲೆ ಕೆಲಸ ಮಾಡುತ್ತೇವೆ. ಗಂಟೆಗೊಮ್ಮೆ ಸಿಂಕ್ ಎಂಬ ಗುಂಡಿ ಒತ್ತಿದರೆ ನಾವು ಮಾಡಿದ್ದು ತಾಯಿಗೆ ಹೋಗುತ್ತದೆ, ಬೇರೆಯವರು ಮಾಡಿದ್ದು ನಮಗೆ ಬರುತ್ತದೆ. ಒಬ್ಬರು ಕೈ ಹಾಕಿದ ಗೋಡೆಗೆ ಅವರ ಹೆಸರಿನ ಬೀಗ ಬೀಳುತ್ತದೆ. ಅದು ನಿಮಗೆ ಬೇಕೆಂದರೆ ಕೇಳಬೇಕು. ಆಗ ಅವರ ಪರದೆಯ ಮೇಲೆ ಒಂದು ಪುಟ್ಟ ಚೌಕ ಏಳುತ್ತದೆ: ಇಂಥವರು ನಿಮ್ಮ ಲ್ಯಾಂಡಿಂಗ್ ಕೇಳುತ್ತಿದ್ದಾರೆ, ಬಿಟ್ಟುಕೊಡುತ್ತೀರಾ?

ನಾವು ಉಳಿದವರು ನೊಣ ಓಡಿಸಿದ ಹಾಗೆ ಹೌದು ಎಂದು ಒತ್ತಿ ಮುಂದೆ ಹೋಗುತ್ತೇವೆ. ಮೇಷ್ಟ್ರು ಹಾಗಲ್ಲ. ಚೌಕ ಎದ್ದ ಕೂಡಲೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಕೇಳಿದವರ ಮೇಜಿನ ತನಕ ನಡೆದುಕೊಂಡು ಬರುತ್ತಿದ್ದರು.

"ಏನಪ್ಪ ಗಾಳಿರಾಯ, ನನ್ನ ಲ್ಯಾಂಡಿಂಗ್ ಯಾಕೆ ಬೇಕಂತೆ ನಿಂಗೆ?"

"ಡಕ್ಟಿಗೆ ಜಾಗ ಇಲ್ಲ ಮೇಷ್ಟ್ರೆ, ಒಂದು ಗೇಣು ಕೆಳಗೆ ಇಳಿಸ್ತೀನಿ."

"ಗೇಣಾ! ಜನ ಏನು ತೆವಳಿಕೊಂಡು ಹೋಗಬೇಕಾ? ನಿನ್ನ ಗಾಳಿಗೆ ರೆಕ್ಕೆ ಇದೆ, ಅದನ್ನೇ ಆಕಡೆಯಿಂದ ಹಾರಿಸು."

ಹೀಗೆ ಅರ್ಧ ಗಂಟೆ ಹಾವು ಮುಂಗುಸಿಯ ಹಾಗೆ ಕಚ್ಚಾಡಿ, ಕೊನೆಗೆ ಇಬ್ಬರೂ ಒಟ್ಟಿಗೆ ಟೀ ಕುಡಿದು, ಮೇಷ್ಟ್ರು ತಮ್ಮ ಮೇಜಿಗೆ ಮರಳಿ ಹೌದು ಎಂದು ಒತ್ತುತ್ತಿದ್ದರು. ಕೇಳಿದ ಮೇಲೆ ಕೊಡದೆ ಇದ್ದದ್ದು ಒಮ್ಮೆಯೂ ಇಲ್ಲ. ಆದರೆ ಕೇಳಬೇಕಿತ್ತು.

ಮಕ್ಕಳ ಆಸ್ಪತ್ರೆಯ ಕೆಲಸ ಬಂದಾಗ ಅವರಿಗೆ ಅರವತ್ತೊಂದು. ಮೊದಲ ಮೀಟಿಂಗಿನಲ್ಲೇ ಅವರದೊಂದು ತಕರಾರು. ದೊಡ್ಡ ಮೆಟ್ಟಿಲಿನ ಎರಡನೇ ಲ್ಯಾಂಡಿಂಗಿನಲ್ಲಿ, ಅಂದರೆ ಮೆಟ್ಟಿಲು ತಿರುವು ತೆಗೆದುಕೊಳ್ಳುವ ಸಮತಟ್ಟು ಜಾಗದಲ್ಲಿ, ಗೋಡೆಯನ್ನು ಸ್ವಲ್ಪ ಒಳಕ್ಕೆ ತಳ್ಳಿ ಇಬ್ಬರು ಕೂರುವಷ್ಟು ಕಟ್ಟೆ ಬೇಕು ಎಂದರು. ದಾರಿಗೆ ಅಡ್ಡ ಬರಬಾರದು, ಮೊಣಕಾಲೆತ್ತರ ಇರಬೇಕು.

"ಮೆಟ್ಟಿಲಲ್ಲಿ ಯಾರು ಕೂರ್ತಾರೆ ಮೇಷ್ಟ್ರೆ? ಎಲ್ಲ ಲಿಫ್ಟಲ್ಲಿ ಹೋಗ್ತಾರೆ" ಎಂದರು ನಮ್ಮ ಯಜಮಾನರು.

"ಆಸ್ಪತ್ರೆ ಮೆಟ್ಟಿಲು ಯಾರು ಇಳೀತಾರೆ ಗೊತ್ತಾ ಸಾರ್?" ಮೇಷ್ಟ್ರು ಕಿವಿಯ ಮೇಲಿಂದ ಪೆನ್ಸಿಲ್ ತೆಗೆದರು. ಕಂಪ್ಯೂಟರ್ ಬಂದು ಹದಿನೈದು ವರ್ಷವಾದರೂ ಆ ಪೆನ್ಸಿಲ್ ಕಿವಿ ಬಿಟ್ಟಿರಲಿಲ್ಲ. "ಲಿಫ್ಟಿನಲ್ಲಿ ನಾಲ್ಕು ಜನರ ಮುಂದೆ ಅಳೋಕೆ ಆಗದೋರು ಇಳೀತಾರೆ. ಅವರಿಗೆ ಒಂದು ಮಹಡಿ ಇಳಿಯೋಷ್ಟರಲ್ಲಿ ಕಾಲು ಸೋತುಹೋಗುತ್ತೆ."

ಯಜಮಾನರು ಗಂಟಲು ಸರಿಮಾಡಿಕೊಂಡು, ಜಾಗ ಉಳಿದರೆ ನೋಡೋಣ ಎಂದರು. ಜಾಗ ಉಳಿದರೆ ನೋಡೋಣ ಎಂದರೆ ನಮ್ಮ ಕಸುಬಿನಲ್ಲಿ ಇಲ್ಲ ಎಂದರ್ಥ. ಮೇಷ್ಟ್ರಿಗೂ ಅದು ಗೊತ್ತಿತ್ತು. ಆದರೂ ಅಂದಿನಿಂದ ಆ ಕಟ್ಟೆಯದೇ ಜಪ.

ಅದೇ ವರ್ಷ ಅವರ ತಲೆ ಕೈಕೊಡತೊಡಗಿತು. ಮೊದಲು ನಾವು ನಕ್ಕೆವು. ಗಾಳಿರಾಯನನ್ನು ಅವರು ಯಾವುದೋ ಹಳೆಯ ಸಹೋದ್ಯೋಗಿಯ ಹೆಸರಿನಿಂದ ಕರೆದರು, ಆ ಮನುಷ್ಯ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆಮೇಲೆ ಒಂದೇ ಮೆಟ್ಟಿಲಿನ ಮೇಲೆ ಅದೇ ಮೆಟ್ಟಿಲನ್ನು ಇನ್ನೊಂದು ಸಲ ಬರೆದಿಟ್ಟರು. ನಕಾಶೆಯ ಮೂಲೆಯಲ್ಲಿ ಮೂವತ್ತು ವರ್ಷ ಹಿಂದಿನ ಇಸವಿ ಹಾಕಿದರು. ಇದನ್ನೆಲ್ಲ ನಾನು ಸದ್ದಿಲ್ಲದೆ ಸರಿಪಡಿಸುತ್ತಿದ್ದೆ. ಮಾಡೆಲ್ಲಿನ ಕಾವಲು ನನ್ನದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೇ ನನಗಿದ್ದ ಕೆಲಸ.

ಒಂದು ಬುಧವಾರ ಮಧ್ಯಾಹ್ನ ಅವರು ಮೂರನೇ ಮಹಡಿಯನ್ನು ಅಳಿಸಿಬಿಟ್ಟರು. ಮಾಡೆಲ್ಲಿನಲ್ಲಿ ಪ್ರತಿ ಮಹಡಿಯೂ ಒಂದು ಗೆರೆಯ ಮೇಲೆ ನಿಂತಿರುತ್ತದೆ. ಆ ಗೆರೆ ಹೋದರೆ ಅದರ ಮೇಲಿನ ಗೋಡೆ, ಬಾಗಿಲು, ಮಕ್ಕಳ ಹಾಸಿಗೆ, ಕೈತೊಳೆಯುವ ಬೋಗುಣಿ ಎಲ್ಲ ಹೋಯಿತು. ಹೀಗಾಗುತ್ತದೆ, ಪರವಾಗಿಲ್ಲವೇ ಎಂದು ಕಂಪ್ಯೂಟರು ಎರಡು ಸಲ ಕೇಳುತ್ತದೆ. ಮೇಷ್ಟ್ರು ಎರಡು ಸಲವೂ ಹೌದು ಎಂದು, ಮೇಲಿಂದ ಸಿಂಕ್ ಬೇರೆ ಒತ್ತಿದರು. ಎಂಟು ಪರದೆಗಳಲ್ಲಿ ಒಂದಾದ ಮೇಲೊಂದರಂತೆ ಮೂರನೇ ಮಹಡಿ ಮಾಯವಾಯಿತು. ಹಿಂದಿನ ದಿನದ ಪ್ರತಿಯಿಂದ ಮತ್ತೆ ಎಬ್ಬಿಸಿದೆವು, ಆದರೆ ಎಲ್ಲರ ಒಂದು ದಿನದ ಕೆಲಸ ನೀರಿಗೆ ಬಿತ್ತು. ಕಂಬದಕ್ಕ ತಲೆಯ ಮೇಲೆ ಕೈಹೊತ್ತು ಕೂತಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಅವರು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

ಯಜಮಾನರು ನನ್ನನ್ನು ಒಳಗೆ ಕರೆದರು. "ತಾಯಿ ಫೈಲಿನ ಹತ್ತಿರ ಇನ್ನು ಅವರ ಕೈ ಹೋಗಕೂಡದು. ಹೇಗೆ ಮಾಡ್ತೀಯೋ ನಿಂಗೆ ಬಿಟ್ಟಿದ್ದು."

ಎರಡು ದಿನ ಬಿಟ್ಟು ಮೇಷ್ಟ್ರ ಹೆಂಡತಿ ಬಂದರು. ಮನೆಯಲ್ಲೇ ಹೊಲಿಗೆ ಮಾಡುವವರು. ಸೆರಗಿಗೆ ಚುಚ್ಚಿಕೊಂಡ ಸೂಜಿಯನ್ನು ತೆಗೆಯಲು ಮರೆತು ಹಾಗೆಯೇ ಬಂದಿದ್ದರು. ಕೆಳಗೆ ಗೇಟಿನ ಹತ್ತಿರ ನಿಂತು, ನನ್ನೊಬ್ಬಳನ್ನೇ ಕರೆಸಿಕೊಂಡರು.

"ಡಾಕ್ಟ್ರು ಹೇಳಿದಾರೆ ತಾಯಿ, ಇದು ವಾಸಿಯಾಗೋದಲ್ಲ. ಮನೇಲಿ ಕೂತ್ರೆ ಬೇಗ ಮುಳುಗಿ ಹೋಗ್ತಾರಂತೆ. ಮೆಟ್ಟಿಲು ಬರೆಯೋವಾಗ ಮಾತ್ರ ಅವರು ಅವರಾಗಿರ್ತಾರೆ. ಒಂದು ಮೂಲೇಲಿ ಕೂರಿಸ್ಕೊಳಿ. ಆ ಆಸ್ಪತ್ರೆ ಮುಗಿಯೋ ತನಕ ಸಾಕು."

ನಾನು ಆಗಲಿ ಎಂದೆ. ಎಂದು ಮೇಲೆ ಹೋಗಿ, ಈ ಜನ್ಮದಲ್ಲಿ ನಾನು ಮಾಡಿದ ಅತಿ ಮೃದುವಾದ ಮೋಸವನ್ನು ಮಾಡಿದೆ.

ತಾಯಿಯಿಂದ ಬಿಡಿಸಿದ ಪ್ರತಿಗೆ ನಮ್ಮಲ್ಲಿ ತಬ್ಬಲಿ ಅನ್ನುತ್ತೇವೆ. ನೋಡಲು ತಾಯಿಯ ಹಾಗೆಯೇ ಇರುತ್ತದೆ, ಸಿಂಕ್ ಒತ್ತಿದರೆ ಆಯಿತು ಎಂದೂ ಹೇಳುತ್ತದೆ. ಆದರೆ ಅದರಲ್ಲಿ ಮಾಡಿದ್ದು ಎಲ್ಲಿಗೂ ಹೋಗುವುದಿಲ್ಲ. ಯಾರಾದರೂ ಅಪ್ಪಿತಪ್ಪಿ ತಬ್ಬಲಿಯಲ್ಲಿ ಒಂದು ದಿನ ಕೆಲಸ ಮಾಡಿದರೆ ನಾವು ವಾರಗಟ್ಟಲೆ ಆಡಿಕೊಂಡು ನಗುತ್ತೇವೆ. ಮೇಷ್ಟ್ರಿಗೆ ನಾನು ಬೇಕೆಂದೇ ಒಂದು ತಬ್ಬಲಿ ಮಾಡಿಕೊಟ್ಟೆ. ಅದೇ ಹೆಸರು, ಅದೇ ಬಣ್ಣ. ದಿನಾ ಬೆಳಿಗ್ಗೆ ಅವರು ಬರುವ ಮೊದಲೇ ಬಂದು ತಾಯಿಯ ಹೊಸ ಪ್ರತಿ ತೆಗೆದು, ಅವರು ಹಿಂದಿನ ದಿನ ಬರೆದ ಮೆಟ್ಟಿಲನ್ನು ಅದಕ್ಕೆ ಅಂಟಿಸಿ ಇಡುತ್ತಿದ್ದೆ. ಅವರ ಪರದೆಯಲ್ಲಿ ಉಳಿದವರ ಗೋಡೆ, ಕಂಬ, ಡಕ್ಟುಗಳು ದಿನದಿನಕ್ಕೆ ಸರಿಯುತ್ತಿದ್ದವು. ನಮ್ಮ ಪರದೆಗಳಲ್ಲಿ ಅವರಿರಲಿಲ್ಲ.

ನಿಜವಾದ ಮೆಟ್ಟಿಲನ್ನು ನಾನೇ ಬರೆದೆ. ಬರೆದೆ ಎನ್ನುವುದು ದೊಡ್ಡ ಮಾತು. ಎರಡು ಗುಂಡಿ ಒತ್ತಿದರೆ ಸಿದ್ಧವಾಗಿ ಬರುವ ಮೆಟ್ಟಿಲನ್ನು ಎಳೆದು ಕೂರಿಸಿದೆ. ಕಟ್ಟೆ ಹಾಕಲಿಲ್ಲ. ಜಾಗವಿರಲಿಲ್ಲ ಎಂದು ಈಗಲೂ ಹೇಳಬಹುದು. ನಾನು ನೋಡಲಿಲ್ಲ ಎನ್ನುವುದು ನಿಜ.

ಮೂರು ತಿಂಗಳು ಹೀಗೆ ನಡೆಯಿತು. ಮೇಷ್ಟ್ರು ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಗಂಟೆಗೊಮ್ಮೆ ಸಿಂಕ್ ಒತ್ತುತ್ತಿದ್ದರು, ಸಂಜೆ "ನಂದು ಕಳಿಸಿದೀನಮ್ಮ, ಬಂತಾ?" ಎಂದು ಕೇಳಿಯೇ ಮನೆಗೆ ಹೋಗುತ್ತಿದ್ದರು. ಬಂತು ಮೇಷ್ಟ್ರೆ ಎನ್ನುತ್ತಿದ್ದೆ. ಮೊದಲು ನಾಲಿಗೆ ತಡವರಿಸುತ್ತಿತ್ತು. ಆಮೇಲೆ ನೀರು ಕುಡಿದಷ್ಟು ಸಲೀಸಾಯಿತು.

ಒಂದು ದಿನ ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಮಗಳೇ, ಈಚೆಗೆ ಯಾರೂ ನನ್ನ ಹತ್ರ ಏನೂ ಕೇಳ್ತಿಲ್ಲ."

"ಏನು ಕೇಳಬೇಕು ಮೇಷ್ಟ್ರೆ?"

"ಲ್ಯಾಂಡಿಂಗು, ಗೋಡೆ, ಏನಾದ್ರೂ. ಆ ಚೌಕ ಬರೋದೇ ಇಲ್ಲ. ಮೊದಲು ದಿನಕ್ಕೆ ಐದು ಸಲ ಬರೋದು." ಅವರ ಕೈ ಕಿವಿಯ ಮೇಲಿನ ಪೆನ್ಸಿಲನ್ನು ತಡವಿತು. "ಇಷ್ಟು ದೊಡ್ಡ ಆಸ್ಪತ್ರೆ. ನಾನು ಯಾರಿಗೂ ಅಡ್ಡ ಬರ್ತಾನೇ ಇಲ್ವಾ?"

ಆ ಪುಟ್ಟ ಚೌಕವನ್ನು ನಾನು ಮರೆತೇಬಿಟ್ಟಿದ್ದೆ. ತಬ್ಬಲಿಯೊಳಗೆ ಇರುವವರು ಒಬ್ಬರೇ. ಕೇಳಲು ಇನ್ನೊಬ್ಬರು ಬೇಕಲ್ಲ.

"ಈಗ ಹೊಸ ವ್ಯವಸ್ಥೆ ಬಂದಿದೆ ಮೇಷ್ಟ್ರೆ. ಕೇಳದೇ ಆಗುತ್ತೆ" ಎಂದೆ.

"ಕೇಳದೇನಾ?" ಅವರ ಕೈ ಪೆನ್ಸಿಲಿನಿಂದ ಕೆಳಗಿಳಿಯಿತು. "ಇರಲಿ. ನಿಮ್ಮ ಕಾಲ" ಎಂದು ಮೂಲೆಗೆ ಮರಳಿದರು.

ಇದನ್ನು ನಾನು ಗಾಳಿರಾಯನಿಗೆ ಹೇಳಿದೆ. ಅವನದು ಒರಟು ಬಾಯಿ, ಬೆಣ್ಣೆಯಂಥ ಮನಸ್ಸು. ಮರುದಿನವೇ ತೋಳು ಮಡಚಿಕೊಂಡು ಮೇಷ್ಟ್ರ ಮೇಜಿನ ಮುಂದೆ ನಿಂತು ಗದ್ದಲ ಎಬ್ಬಿಸಿದ.

"ಏನ್ರೀ ಮೇಷ್ಟ್ರೆ ಇದು ಅನ್ಯಾಯ! ನಿಮ್ಮ ಎರಡನೇ ಲ್ಯಾಂಡಿಂಗು ನನ್ನ ಡಕ್ಟಿಗೆ ಸರಿಯಾಗಿ ಅಡ್ಡ ಬಂದು ಕೂತಿದೆ!"

ಮೇಷ್ಟ್ರ ಮುಖ ಅರಳಿತು. ಎಷ್ಟೋ ದಿನದ ಮೇಲೆ ಆ ಮುಖ ನೋಡಿದೆವು. ಅವಸರದಿಂದ ಪರದೆ ತಿರುಗಿಸಿ ತೋರಿಸಿದರು. "ಎಲ್ಲಿ? ನೀನು ಸೋಮವಾರ ಡಕ್ಟು ಇಳಿಸಿದೆ ಅಂತ ನಾನು ಅವತ್ತೇ ಸರಿಸಿದೀನಲ್ಲ. ನೋಡು, ನಾಲ್ಕು ಬೆರಳು ಜಾಗ ಬಿಟ್ಟಿದೀನಿ."

ಗಾಳಿರಾಯ ಬಗ್ಗಿ ನೋಡಿದ. "ಹೌದಲ್ಲ" ಅಂದ.

"ಇಷ್ಟು ಬೇಗ ಒಪ್ಪಿಕೊಂಡೆಯಾ?" ಮೇಷ್ಟ್ರ ಮುಖ ಮತ್ತೆ ಇಳಿದುಹೋಯಿತು. "ನಿಂಗೆ ಹುಷಾರಿಲ್ವೇನಪ್ಪ?"

ಗಾಳಿರಾಯ ನನ್ನ ಕಡೆ ತಿರುಗಿಯೂ ನೋಡದೆ ಹೊರಗೆ ಹೋದ. ಮೇಷ್ಟ್ರ ಎದುರು ಮಾತು ಸಾಲದೆ ಸೋತ ಎಂದು ನಾನು ಅಂದುಕೊಂಡೆ. ಅವನು ಪರದೆಯಲ್ಲಿ ಏನು ನೋಡಿದ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ನಕಾಶೆಗಳು ಸೈಟಿಗೆ ಹೋಗುವ ದಿನ ಬಂತು. ಪ್ರತಿ ಹಾಳೆಯ ಮೂಲೆಯಲ್ಲೂ ಬರೆದವರು ಯಾರು ಎಂದು ಒಂದು ಖಾನೆ ಇರುತ್ತದೆ. ಮೆಟ್ಟಿಲಿನ ಹಾಳೆಯಲ್ಲಿ ನಾನು ಮೇಷ್ಟ್ರ ಹೆಸರು ಹಾಕಿದೆ. ಹಾಳೆ ಕೈಗೆ ಕೊಟ್ಟಾಗ ಅವರು ನಕಾಶೆಯನ್ನು ನೋಡಲಿಲ್ಲ, ತಮ್ಮ ಹೆಸರನ್ನು ಬೆರಳಿನಿಂದ ಸವರಿದರು. ನಾನು ಏನೋ ಮಹಾ ಉಪಕಾರ ಮಾಡಿದೆನೆಂದು ಬೀಗಿದೆ. ಆ ವಾರ ಮನೆಯಲ್ಲೂ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅದಾಗಿ ತಿಂಗಳಿಗೆ ಒಂದು ಬೆಳಿಗ್ಗೆ, ನಮ್ಮ ಆಫೀಸಿನ ಮೆಟ್ಟಿಲಿನಲ್ಲೇ ಮೇಷ್ಟ್ರು ದಾರಿ ತಪ್ಪಿ ನಿಂತರು. ಮೇಲೆ ಹೋಗಬೇಕೋ ಕೆಳಗೆ ಇಳಿಯಬೇಕೋ ತಿಳಿಯದೆ ಕಂಬಿ ಹಿಡಿದುಕೊಂಡು, ಎಣಿಕೆಯನ್ನು ಏಳಕ್ಕೆ ನಿಲ್ಲಿಸಿ ಮತ್ತೆ ಒಂದರಿಂದ, ಮತ್ತೆ ಏಳಕ್ಕೆ ನಿಲ್ಲಿಸಿ ಮತ್ತೆ ಒಂದರಿಂದ. ಅವರ ಹೆಂಡತಿ ಬಂದು ಕರೆದುಕೊಂಡು ಹೋದರು. ಆಮೇಲೆ ಅವರು ಬರಲಿಲ್ಲ. ಪೆನ್ಸಿಲ್ ಮೇಜಿನ ಮೇಲೆ ಉಳಿದಿತ್ತು, ನಾನು ನನ್ನ ಮೇಜಿನ ಖಾನೆಯೊಳಗೆ ಇಟ್ಟೆ.

ವರ್ಷದ ಮೇಲೆ ಸೈಟಿನ ಇಂಜಿನಿಯರ್ ಫೋನ್ ಮಾಡಿದ. "ಏನು ಮೇಡಂ, ನಿಮ್ಮ ಮೇಷ್ಟ್ರು ದೊಡ್ಡ ಮೆಟ್ಟಿಲ ಮಾಂತ್ರಿಕ ಅಂತಿದ್ರಿ. ಎರಡನೇ ಲ್ಯಾಂಡಿಂಗಿನ ಮೇಲೆ ಡಕ್ಟು ತಲೆಗೆ ಬಡಿಯುತ್ತೆ. ಕಾಂಕ್ರೀಟು ಹಾಕಿ ಆಗಿದೆ, ಈಗೇನು ಮಾಡೋದು?" ಕೊನೆಗೆ ಅಲ್ಲಿ ಹಳದಿ ಕಪ್ಪು ಪಟ್ಟಿ ಅಂಟಿಸಿ ತಲೆ ಜೋಪಾನ ಎಂದು ಬರೆಸುವುದೆಂದಾಯಿತು. ತಪ್ಪು ನನ್ನದು, ಹೆಸರು ಅವರದು. ಅವತ್ತು ನಾನು ಬಾಯಿಗೆ ಬೀಗ ಹಾಕಿಕೊಂಡೆ. ಯಾಕೆ ಎಂದು ಕೇಳಬೇಡಿ. ಹೇಡಿತನಕ್ಕೆ ಕಾರಣ ಹುಡುಕಿದರೆ ಹತ್ತು ಸಿಗುತ್ತವೆ.

ಆದರೆ ಫೋನಿಟ್ಟ ಮೇಲೆ ಕೈ ಸುಮ್ಮನಿರಲಿಲ್ಲ. ಹಳೆಯ ಕಡತಗಳ ನಡುವೆ ಮೇಷ್ಟ್ರ ತಬ್ಬಲಿಯನ್ನು ಹುಡುಕಿ ತೆಗೆದೆ. ಮೂರು ತಿಂಗಳು ದಿನಾ ಬೆಳಿಗ್ಗೆ ಅದನ್ನು ಅಂಟಿಸಿದವಳು ನಾನೇ; ಒಂದು ದಿನವಾದರೂ ನೋಡಿದವಳಲ್ಲ. ಕಾಯಿಲೆಯವರ ಕೆಲಸ, ಅದರಲ್ಲಿ ನೋಡುವುದೇನು ಎಂದುಕೊಂಡಿದ್ದೆ.

ಹಾಳೆಗಳ ಹೆಸರುಗಳೆಲ್ಲ ಅದಲು ಬದಲಾಗಿದ್ದವು. ಇಸವಿ ತಪ್ಪು. ಒಂದು ಕಡೆ ಬಾಗಿಲು ಎಂದು ಬರೆಯುವಲ್ಲಿ ತಮ್ಮ ಹೆಂಡತಿಯ ಹೆಸರು ಬರೆದಿದ್ದರು. ಮೆಟ್ಟಿಲು ಮಾತ್ರ ಸರಿಯಾಗಿತ್ತು. ಮೊದಲನೆಯದರಿಂದ ಕೊನೆಯದರವರೆಗೆ ಒಂದೇ ಎತ್ತರ, ಒಂದೇ ಅಗಲ. ಗಾಳಿರಾಯನ ಡಕ್ಟುಗಳನ್ನು ಎದುರಿಗಿಟ್ಟು ಯಾವುದು ಯಾವುದಕ್ಕೆ ಬಡಿಯುತ್ತದೆ ಎಂದು ಕಂಪ್ಯೂಟರಿಗೆ ಕೇಳಿದೆ, ನನ್ನ ಮೆಟ್ಟಿಲಿಗೆ ಒಮ್ಮೆಯೂ ಕೇಳದಿದ್ದ ಪ್ರಶ್ನೆ. ಸೊನ್ನೆ ಎಂದಿತು. ನಂಬದೆ ಮತ್ತೆ ಕೇಳಿದೆ. ಸೊನ್ನೆ. ಕಂಬದಕ್ಕ ತೊಲೆ ಏರಿಸಿದ ದಿನ ಇವರು ಲ್ಯಾಂಡಿಂಗ್ ಸರಿಸಿಕೊಂಡಿದ್ದರು. ನಾನು ಗೋಡೆ ದಪ್ಪ ಮಾಡಿದ ದಿನ ಕಂಬಿಯನ್ನು ಒಳಕ್ಕೆ ಎಳೆದುಕೊಂಡಿದ್ದರು. ತಮ್ಮನ್ನು ಯಾರೂ ಕಾಣದ ಮಾಡೆಲ್ಲಿನಲ್ಲಿ ಕೂತು, ನಮ್ಮೆಲ್ಲರಿಗೂ ದಿನಾ ದಾರಿ ಬಿಟ್ಟುಕೊಟ್ಟಿದ್ದರು. ಎರಡನೇ ಲ್ಯಾಂಡಿಂಗಿನಲ್ಲಿ, ಗೋಡೆಯೊಳಗೆ ಒತ್ತರಿಸಿ, ಯಾರಿಗೂ ಅಡ್ಡ ಬಾರದ ಹಾಗೆ, ಇಬ್ಬರು ಕೂರುವಷ್ಟು ಕಟ್ಟೆ.

ಜಾಗ ಇತ್ತು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಕಂಬದಕ್ಕ ಓಡಿ ಬಂದು ಏನಾಯಿತೇ ಎಂದಳು. ಪರದೆ ತೋರಿಸಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಗಾಳಿರಾಯನೂ ಬಂದು ನಿಂತ. "ನಾನು ಅವತ್ತೇ ನೋಡಿದ್ದೆ" ಎಂದ ಮೆಲ್ಲಗೆ. "ಹೇಳಬೇಕು ಅಂತಿದ್ದೆ. ಅಷ್ಟರಲ್ಲಿ ನೀನು ಬರೆದಿದ್ದಕ್ಕೆ ಎಲ್ಲರೂ ಹೂಂ ಅಂದಿದ್ರು." ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ಬೈಯಲು ಬಾಯಿ ತೆರೆದೆ, ಆದರೆ ಅವನನ್ನು ಬೈಯುವ ಯೋಗ್ಯತೆ ನನಗೆಲ್ಲಿಯದು?

ಆಸ್ಪತ್ರೆ ಶುರುವಾಗಿ ಎರಡು ತಿಂಗಳಿಗೆ ಮೇಷ್ಟ್ರ ಹೆಂಡತಿಯ ಫೋನ್ ಬಂತು. "ಈಗೀಗ ಅವರಿಗೆ ನನ್ನ ಗುರುತೂ ಹತ್ತಲ್ಲ ತಾಯಿ. ಆದ್ರೆ ಆಸ್ಪತ್ರೆ ಮೆಟ್ಟಿಲು, ಆಸ್ಪತ್ರೆ ಮೆಟ್ಟಿಲು ಅಂತ ಕನವರಿಸ್ತಾರೆ. ಪೂರ್ತಿ ಮರೆಯೋಕೆ ಮುಂಚೆ ಒಂದ್ಸಲ ತೋರಿಸಿಬಿಡೋಣ ಅಂತ. ನೀನೂ ಬರ್ತೀಯಾ?"

ಇಲ್ಲವೆನ್ನಲು ನೂರು ನೆಪಗಳಿದ್ದವು. ಹೋದೆ.

ಮೇಷ್ಟ್ರು ಬಹಳ ಇಳಿದುಹೋಗಿದ್ದರು. ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿ, ತಲೆ ಬಾಚಿ ಕರೆತಂದಿದ್ದರು ಆಕೆ. ಖಾನೆಯಲ್ಲಿಟ್ಟಿದ್ದ ಪೆನ್ಸಿಲನ್ನು ನಾನು ಕೊಟ್ಟೆ. ಅವರು ಅದನ್ನು ನೋಡದೆಯೇ ಕಿವಿಯ ಮೇಲಿಟ್ಟುಕೊಂಡರು. ಮೇಷ್ಟ್ರು ಮುಂದೆ, ನಾವಿಬ್ಬರು ಹೆಂಗಸರು ಹಿಂದೆ. ಒಂದು, ಎರಡು, ಮೂರು. ಅವರ ದನಿ ಗಟ್ಟಿಯಾಗಿತ್ತು.

"ಇವರು ಯಾಕೆ ಆ ಕಟ್ಟೆಗೆ ಅಷ್ಟು ಹಟ ಹಿಡಿದಿದ್ರು ನಿಂಗೆ ಹೇಳಿದಾರಾ?" ಆಕೆ ನನ್ನ ಕಿವಿಯಲ್ಲಿ ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. "ನಮಗೊಬ್ಬ ಮಗ ಇದ್ದ. ಆರು ವರ್ಷ. ಆಸ್ಪತ್ರೆ ಮೂರನೇ ಮಹಡೀಲಿ ಹೋದ. ಇವರು ಕೆಳಗೆ ನನಗೆ ಹೇಳೋಕೆ ಅಂತ ಇಳಿದು ಬರ್ತಾ ಅರ್ಧದಲ್ಲಿ ಕಾಲು ನಡೆಯದೆ ಮೆಟ್ಟಿಲ ಮೇಲೇ ಕೂತುಬಿಟ್ರಂತೆ. ಕಾವಲುಗಾರ ಬಂದು, ಏಳ್ರಿ, ದಾರಿ ಬಿಡ್ರಿ ಅಂದನಂತೆ. ಎದ್ದು ಬಂದ್ರು. ಮೂವತ್ತೈದು ವರ್ಷ ಆಯ್ತು. ಆ ಮಾತು ಅವರ ಮನಸ್ಸಿಂದ ಹೋಗ್ಲಿಲ್ಲ."

ಮುಂದೆ ಮೇಷ್ಟ್ರು ಎಣಿಸುತ್ತ ಎರಡನೇ ಲ್ಯಾಂಡಿಂಗಿಗೆ ಹೋಗಿ ನಿಂತಿದ್ದರು. ತಲೆಯ ಮೇಲೆ ಹಳದಿ ಕಪ್ಪು ಪಟ್ಟಿ. ಅದರ ಕಡೆ ಅವರು ನೋಡಲಿಲ್ಲ. ಗೋಡೆಯ ಕಡೆ ತಿರುಗಿ, ಬಗ್ಗಿ, ಮೊಣಕಾಲೆತ್ತರದಲ್ಲಿ ಅಂಗೈಯಿಂದ ತಡವುತ್ತಿದ್ದರು. ಆ ತುದಿಯಿಂದ ಈ ತುದಿಗೆ ಬಂದರು, ಮತ್ತೆ ಆ ತುದಿಗೆ ಹೋದರು. ನುಣ್ಣನೆಯ ಗೋಡೆ.

"ಇಲ್ಲಿತ್ತಲ್ಲ" ಎಂದರು. "ನಾನು ಇಟ್ಟಿದ್ದೆ."

ಆಕೆ ನನ್ನ ಮುಖ ನೋಡಿದರು.

"ಇತ್ತು ಮೇಷ್ಟ್ರೆ" ಎಂದೆ. "ನೀವು ಸರಿಯಾಗೇ ಇಟ್ಟಿದ್ರಿ. ನಾನು ತೆಗೆದುಬಿಟ್ಟೆ. ಈ ಮೆಟ್ಟಿಲು ನಿಮ್ಮದಲ್ಲ, ನಾನು ಬರೆದಿದ್ದು. ನಿಮ್ಮದನ್ನು ನಾನು ಯಾರಿಗೂ ತೋರಿಸಲೇ ಇಲ್ಲ."

ಆಕೆಯ ಕೈ ಬಾಯಿಗೆ ಹೋಯಿತು. ಮೇಷ್ಟ್ರು ನನ್ನನ್ನು ಬಹಳ ಹೊತ್ತು ದಿಟ್ಟಿಸಿದರು. ಗುರುತು ಹತ್ತಿತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕೇಳಬೇಕಿತ್ತು ಮಗಳೇ" ಎಂದರು. "ಕೇಳಿದ್ರೆ ಬಿಟ್ಟುಕೊಡ್ತಿದ್ದೆ."

ಹಾಗೆಂದು, ಕಂಬಿ ಹಿಡಿದು, ಮೆಲ್ಲನೆ ಮೆಟ್ಟಿಲ ಮೇಲೆ ಕೂತರು. ಗೋಡೆಯ ಬದಿಗೆ ಅವರು, ಪಕ್ಕದಲ್ಲಿ ಅವರ ಹೆಂಡತಿ, ಆಚೆ ನಾನು. ಮೇಲಿನ ಮಹಡಿಯಲ್ಲಿ ಎಲ್ಲೋ ಒಂದು ಮಗು ಅಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕಾವಲುಗಾರ ಹತ್ತಿ ಬಂದ. ಒಳ್ಳೆಯವನೇ ಇರಬೇಕು, ಗಟ್ಟಿಯಾಗಿಯೂ ಹೇಳಲಿಲ್ಲ.

"ಯಜಮಾನ್ರೆ, ಇಲ್ಲಿ ಕೂರಂಗಿಲ್ಲ. ಜನ ಓಡಾಡ್ತಾರೆ, ಸ್ವಲ್ಪ ದಾರಿ ಬಿಡಿ."

ಮೇಷ್ಟ್ರು ಕೂಡಲೇ ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು, ಎಷ್ಟು ಸಾಧ್ಯವೋ ಅಷ್ಟು ಗೋಡೆಗೆ ಒತ್ತಿಕೊಂಡು, ದಾರಿ ಬಿಟ್ಟರು. ನಾನು ಮಾತ್ರ ಕೂತಲ್ಲಿಂದ ಸರಿಯಲಿಲ್ಲ.